ಪುರುಷರತ್ನವೂ ಅದರ ನೆಲೆಯೂ

ವಯೊಲೆಟ್ ಎಂಬ ಹೂವಿನ ಪರಿಚಯ ನಮ್ಮ ಓದುಬಲ್ಲ ಜನಕ್ಕೆ ಮೊದಲು ಆಗುವುದು ಶಾಲೆಯ ಇಂಗ್ಲಿಷ್ ಪಾಠಗಳಲ್ಲಿ. ತರುವಾಯ ಅದು ಸೀರೆಯಂಗಡಿಯ ಒಂದು ಬಣ್ಣದ ಹೆಸರಾಗಿ ಉಳಿದು, ಹೂವಿನ ಕಲ್ಪನೆ ಮಾತ್ರ ಮಂಜು ಸುರಿಯುವ ದೂರದೇಶಗಳ ತಂಪಾದ ವನಚ್ಛಾಯೆಗೆ ಸಂದುಹೋಗುತ್ತದೆ. ಆ ಹೂವಿನ ಸ್ವಂತ ಕುಟುಂಬಕ್ಕೆ ಸೇರಿದ ಗಿಡವೊಂದು, ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ಕೊಳಾಲ ಹೋಬಳಿಯಂಥ ಬಿಸಿಲುಸೀಮೆಯಲ್ಲಿ, ಬಂಡೆಗುಡ್ಡಗಳ ತಪ್ಪಲಿನ ಕುರುಚಲಿನೊಳಗೆ, ಕುರಿಮಂದೆಯ ಗೊರಸುಗಳ ನಡುವೆ, ಮಳೆಗಾಲ ಬಂದಾಗಲೆಲ್ಲ ಗುಲಾಬಿ ನೇರಿಳೆಯ ಹೂ ಬಿಡುತ್ತದೆಯೆಂದರೆ ಕೇಳಿದವರು ಸುಲಭವಾಗಿ ಒಪ್ಪುವುದಿಲ್ಲ. ಅದೇ ಗಿಡವನ್ನು 'ಪುರುಷರತ್ನ' ಎಂಬ ಹೆಸರಿನಿಂದ ಹೇಳಿದರೆ, ಅದರಲ್ಲಿಯೂ ಹೇಳುವವರು ನಾಟಿವೈದ್ಯರಾಗಿದ್ದರೆ, ಹಳ್ಳಿಯವರ ಮುಖದಲ್ಲಿ ಒಂದು ಅರ್ಥಗರ್ಭಿತವಾದ ನಗೆ ಮೂಡುತ್ತದೆ. ಗಿಡದ ಖ್ಯಾತಿಯೆಲ್ಲ ಆ ನಗೆಯೊಳಗೇ ಅಡಗಿರುವುದರಿಂದ ಅದರ ಹೂವನ್ನಾಗಲಿ, ಅದು ನಿಂತ ನೆಲವನ್ನಾಗಲಿ ಗಮನಿಸಿದವರು ವಿರಳ. ನೆಲದ ಪ್ರಶ್ನೆಯೇ ಈ ಲೇಖನದ ಮುಖ್ಯ ವಿಷಯವಾದರೂ, ಗಿಡದ ಕುಲಗೋತ್ರಗಳನ್ನು ಮೊದಲು ನೋಡದೆ ಅಲ್ಲಿಗೆ ಹೋಗುವಂತಿಲ್ಲ.

ಸಸ್ಯಶಾಸ್ತ್ರಜ್ಞರು ವಯೊಲೇಸಿ ಎಂದು ಕರೆಯುವ ಈ ಕುಟುಂಬದಲ್ಲಿ ಸುಮಾರು ಒಂದು ಸಾವಿರ ಪ್ರಭೇದಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಯೋಲ ಎಂಬ ಒಂದೇ ಜಾತಿಗೆ ಸೇರಿ, ಸಮಶೀತೋಷ್ಣ ದೇಶಗಳಲ್ಲಿಯೂ ಉಷ್ಣವಲಯದ ಎತ್ತರದ ಬೆಟ್ಟಗಳಲ್ಲಿಯೂ ಬೆಳೆಯುತ್ತವೆ. ಜನ ವಯೊಲೆಟ್ ಎಂದು ಗುರುತಿಸುವುದು ಇವನ್ನೇ. ಆದರೆ ಪ್ರಭೇದಗಳ ಸಂಖ್ಯೆಯನ್ನು ಬಿಟ್ಟು ಜಾತಿಗಳ ವೈವಿಧ್ಯವನ್ನು ಪರ್ಯಾಲೋಚಿಸಿದರೆ ಚಿತ್ರ ತಲೆಕೆಳಗಾಗುತ್ತದೆ. ಕುಟುಂಬದ ಬಹುಪಾಲು ಜಾತಿಗಳು ಉಷ್ಣವಲಯದವು, ಅವುಗಳಲ್ಲಿ ಅನೇಕವು ಪೊದೆಗಳು, ಮರಗಳು. ನಮ್ಮ ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ರಿನೋರಿಯ ಎಂಬ ಮರ ಈ ಕುಟುಂಬದ್ದೇ ಆಗಿದೆ. ಆದುದರಿಂದ ವಯೊಲೆಟ್ಟನ್ನು ಚಳಿದೇಶದ ಸೊತ್ತೆಂದು ತಿಳಿಯುವುದು ಮನೆಬಿಟ್ಟು ಹೋಗಿ ಪರಸ್ಥಳದಲ್ಲಿ ಹೆಸರು ಮಾಡಿದ ಮಗನಿಂದ ವಂಶವನ್ನು ಅಳೆದಂತೆ. ನಿಜವಾದ ವಯೋಲಗಳೂ ಕರ್ನಾಟಕದಲ್ಲಿ ಇಲ್ಲದಿಲ್ಲ. ಘಟ್ಟದ ಎತ್ತರದ ಹುಲ್ಲುಗಾವಲುಗಳಲ್ಲಿಯೂ ಶೋಲಾ ಕಾಡುಗಳ ತೇವದಲ್ಲಿಯೂ ಅವು ಕಾಣಸಿಗುತ್ತವೆ. ಯುನಾನಿ ಹಕೀಮರು ನೆಗಡಿ ಕೆಮ್ಮುಗಳಿಗೆ ಕೊಡುವ ಬನಫ್ಶಾ ಹಿಮಾಲಯದ ಕಡೆಯಿಂದ ಬರುವ ವಯೋಲದ ಒಣಹೂವು. ಬಯಲುಸೀಮೆಯ ಉರಿಬಿಸಿಲಿನಲ್ಲಿ ಕುಟುಂಬದ ಹೆಸರನ್ನು ಉಳಿಸಿರುವುದು ಪುರುಷರತ್ನವೇ.

ಗಿಡ ಒಂದು ಗೇಣು, ಒಂದೂವರೆ ಗೇಣಿಗಿಂತ ಎತ್ತರಕ್ಕೆ ಬೆಳೆಯುವುದು ಅಪೂರ್ವ. ಬುಡದಲ್ಲಿ ಕಟ್ಟಿಗೆಯಂತೆ ಗಡುಸಾದ ಬೇರುಗಡ್ಡೆ; ಅದರಿಂದ ಸುತ್ತಲೂ ಚಾಚಿ ಅರ್ಧ ಒರಗಿ ಅರ್ಧ ನಿಮಿರುವ ಕಡ್ಡಿಯಂಥ ಕವಲುಗಳು; ಆ ಕವಲುಗಳ ಮೇಲೆ ಒಂದಾದ ಮೇಲೊಂದರಂತೆ, ತೊಟ್ಟು ಇದ್ದೂ ಇಲ್ಲದಂತಿರುವ, ಕಿರಿದಾಗಿ ನೀಳವಾಗಿ ಭರ್ಜಿಯ ಅಲಗನ್ನು ಹೋಲುವ ಎಲೆಗಳು. ಪ್ರತಿ ಎಲೆಯ ಕಂಕುಳಲ್ಲಿ ಒಂದೊಂದೇ ಹೂ. ಎಸಳುಗಳು ಐದು, ಆದರೆ ನಾಲ್ಕು ಎಸಳುಗಳು ಇದ್ದಾವೋ ಇಲ್ಲವೋ ಎಂಬಷ್ಟು ಚಿಕ್ಕವಾಗಿ ಹಿಂದೆ ಸರಿದು ನಿಂತು, ಐದನೆಯ ಕೆಳಗಿನ ಎಸಳೊಂದು ಅವುಗಳ ಪಾಲನ್ನೂ ತಾನೇ ಪಡೆದಂತೆ ಅಗಲವಾಗಿ ಹರಡಿರುವುದರಿಂದ, ನೋಡಿದವರಿಗೆ ಇದು ಒಂದೇ ಎಸಳಿನ ಹೂವೆಂಬ ಭ್ರಾಂತಿಯಾಗುತ್ತದೆ. ತಮಿಳರು ಇದನ್ನು ಒಂದೆಸಳಿನ ತಾವರೆಯೆಂಬರ್ಥದಲ್ಲಿ 'ಓರಿದಳ್ ತಾಮರೈ' ಎಂದು ಕರೆದಿರುವುದು ಸಹಜವಾಗಿಯೇ ಇದೆ. ಆ ದೊಡ್ಡ ಎಸಳು ಬುಡದಲ್ಲಿ ಸಣ್ಣ ಚೀಲದಂತೆ ಉಬ್ಬಿ ಮಕರಂದವನ್ನು ಹಿಡಿದಿಟ್ಟುಕೊಳ್ಳುತ್ತದೆ. ಐದು ಕೇಸರಗಳೂ ಅಂಡಾಶಯವನ್ನು ಸುತ್ತುಗಟ್ಟಿ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಯೂರೋಪಿನ ತೋಟಗಳಲ್ಲಿ ಪ್ಯಾನ್ಸಿಯೆಂದು ಮೆರೆಯುವ ಹೂವನ್ನು ಬಿಚ್ಚಿ ನೋಡಿದರೂ ಇದೇ ರಚನೆ ಕಾಣುತ್ತದೆ.

ಕಾಯಿಯ ವಿಷಯದಲ್ಲಿ ಈ ಗಿಡದ ಜಾಣತನ ಇನ್ನೂ ಹೆಚ್ಚು. ಬಟಾಣಿ ಕಾಳಿನಷ್ಟು ದಪ್ಪದ ದುಂಡುಕಾಯಿ ಒಣಗಿದ ಮೇಲೆ ಮೂರು ಹೋಳಾಗಿ ಬಿರಿದು, ದೋಣಿಯಾಕಾರದ ಆ ಹೋಳುಗಳು ಅಂಚು ಕೂಡಿಸಿಕೊಳ್ಳುತ್ತ ತಮ್ಮೊಳಗಿನ ನುಣುಪಾದ ಬೀಜಗಳನ್ನು ಹಿಸುಕಿ ಹೊರಗೆ ಎಸೆಯುವುದು ವಯೊಲೆಟ್ ಕುಟುಂಬದ ಮೂಲಿಕೆಗಳಲ್ಲಿ ಸಾಮಾನ್ಯವಾಗಿ ಕಾಣಬರುವ ರೀತಿ. ಆದರೂ ಗೇಣುದ್ದದ ಗಿಡ ಎಸೆದ ಬೀಜ ಎಷ್ಟು ದೂರ ಹೋದೀತು? ತಾಯಿಗಿಡದ ಸುತ್ತಲಿನ ಮಾರುದ್ದದ ನೆಲದಲ್ಲಿಯೇ ಅದರ ಭವಿಷ್ಯ. ಒಂದು ಜಾಗದಿಂದ ಕಿತ್ತುಹೋದ ಗಿಡ ಮತ್ತೊಂದು ಜಾಗದಿಂದ ಬೇಗನೆ ಬಂದು ಸೇರಲಾರದೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಶಾಸ್ತ್ರದಲ್ಲಿ ಈ ಗಿಡ ಪಡೆದ ಹೆಸರುಗಳ ಕಥೆ ಸ್ವಲ್ಪ ವಿನೋದಕರ. 1678ರಿಂದ 1693ರ ವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂದ, ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡನ 'ಹೊರ್ತುಸ್ ಮಲಬಾರಿಕುಸ್' ಎಂಬ ಮಹಾಗ್ರಂಥದ ಒಂಬತ್ತನೆಯ ಸಂಪುಟದಲ್ಲಿ ಇದರ ಚಿತ್ರ ಮಲೆಯಾಳದ ಹೆಸರಿನೊಡನೆ ಅಚ್ಚಾಯಿತು. ಆ ಚಿತ್ರವನ್ನೂ ಸಿಂಹಳದಿಂದ ಬಂದ ಒಣಮಾದರಿಗಳನ್ನೂ ಆಧರಿಸಿ ಲಿನೀಯಸ್ 1753ರಲ್ಲಿ ಇದನ್ನು ವಯೋಲ ಜಾತಿಯಲ್ಲಿಯೇ ಸೇರಿಸಿ, ಒಂದೇ ಗಿಡಕ್ಕೆ ಎರಡು ಹೆಸರಿಟ್ಟನು. ಬ್ರಿಟಿಷ್ ಭಾರತದ ಸಸ್ಯಸಂಪತ್ತನ್ನು ಹೂಕರ್ ಬರೆದಾಗ ಇದು ಅಯೊನಿಡಿಯಮ್ ಆಗಿತ್ತು. ನಮ್ಮ ಹಿರಿಯರ ಪಾಠಪುಸ್ತಕಗಳಲ್ಲಿಯೂ ಅದೇ ಹೆಸರು. ಆಮೇಲೆ ಹೈಬಾಂತಸ್, 2015ರಲ್ಲಿ ಅಫ್ರೊಹೈಬಾಂತಸ್, 2021ರಲ್ಲಿ ಪಿಜಿಯ. ವಂಶವಾಹಿಗಳನ್ನು ಹೋಲಿಸಿ ನೋಡುವ ಹೊಸ ವಿದ್ಯೆ ಬಂದಮೇಲೆ ಅಮೆರಿಕದ ಹೈಬಾಂತಸ್ಸುಗಳಿಗೂ ಹಳೆಯ ಪ್ರಪಂಚದವಕ್ಕೂ ಹತ್ತಿರದ ನಂಟಿಲ್ಲವೆಂದು ತಿಳಿದುದೇ ಈ ಇತ್ತೀಚಿನ ಬದಲಾವಣೆಗಳ ಕಾರಣ. ಅಮರಕೋಶದಲ್ಲಿ ಬರುವ ಚಾರಟೀ, ಪದ್ಮಚಾರಿಣೀ ಎಂಬ ಹೆಸರುಗಳು ಇದಕ್ಕೇ ಸಲ್ಲುತ್ತವೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ಬೇರೆ ಗಿಡಗಳನ್ನು ಹೇಳುವವರೂ ಇದ್ದಾರೆ. ಇಷ್ಟೆಲ್ಲ ನಾಮಕರಣಗಳ ನಡುವೆಯೂ ಕೊಳಾಲದ ಗುಡ್ಡದ ಮೇಲಿನ ಗಿಡ ಯಾವ ಹೆಸರಿಗೂ ಓಗೊಡದೆ ಮಳೆಯನ್ನು ಕಾಯುತ್ತ ಕೂತಿದೆ.

ಇನ್ನು ನೆಲೆ. ಕೊಳಾಲ, ಕೊರಟಗೆರೆ, ಮಧುಗಿರಿ, ಪಾವಗಡಗಳ ಮೂಲಕ ಉತ್ತರ ದಕ್ಷಿಣವಾಗಿ ಹಾಯ್ದುಹೋಗುವ ಬೆಟ್ಟಗಳ ಸಾಲು ಬಹುಮಟ್ಟಿಗೆ ಒಂದೇ ಶಿಲೆಯ ಸಂತಾನ. ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಪ್ರಸಿದ್ಧವಾದ ಈ ಕಲ್ಲು ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಕರಗಿ ಗಟ್ಟಿಯಾದುದು. ಮಧುಗಿರಿಯ ಏಕಶಿಲಾ ಬೆಟ್ಟವೂ, ಸಿದ್ಧರಬೆಟ್ಟದ ಗುಹೆಗಳೂ, ಚನ್ನರಾಯನದುರ್ಗ ಮಿಡಿಗೇಶಿಗಳ ಕೋಟೆಯ ಬುಡಗಳೂ, ಜಯಮಂಗಲಿ ಹುಟ್ಟುವ ದೇವರಾಯನದುರ್ಗವೂ ಈ ಶಿಲಾಮೇಖಲೆಯಲ್ಲಿಯೇ ಬರುತ್ತವೆ. ಈ ಕಲ್ಲು ಬಿಸಿಲಿಗೂ ಮಳೆಗೂ ಸಿಪ್ಪೆ ಸಿಪ್ಪೆಯಾಗಿ ಸುಲಿದು, ತಪ್ಪಲಿನಲ್ಲಿ ಒರಟು ಮರಳೂ ಗರಸೂ ಬೆರೆತ ಕೆಂಪು ಮಣ್ಣಾಗಿ ಕೂಡುತ್ತದೆ. ನೀರು ಅದರಲ್ಲಿ ನಿಲ್ಲುವುದಿಲ್ಲ, ಸಾರವೂ ಹೆಚ್ಚಿಲ್ಲ. ವರ್ಷಕ್ಕೆ ಬೀಳುವ ಮಳೆ ಸುಮಾರು 500ರಿಂದ 800 ಮಿಲಿಮೀಟರು. ಅದೂ ಬೇಸಗೆಯ ಕೊನೆಯ ಗುಡುಗುಮಳೆಗಳಲ್ಲಿ ಒಂದಷ್ಟು, ನಡುವೆ ಗಾಳಿಯ ತಿಂಗಳುಗಳಲ್ಲಿ ಬರಿಯ ತುಂತುರು, ಆಮೇಲೆ ಉತ್ತರೆ ಹಸ್ತ ಚಿತ್ತೆಗಳಲ್ಲಿ ಉಳಿದೆಲ್ಲವೂ. ರಾಗಿಯ ರೈತನಿಗೆ ಈ ಲೆಕ್ಕ ಕರತಲಾಮಲಕ, ಪುರುಷರತ್ನಕ್ಕೂ ಹಾಗೆಯೇ. ಭರಣಿ ಕೃತ್ತಿಕೆಗಳ ಮೊದಲ ಹದಮಳೆಗೆ ಅದರ ಬೇರುಗಡ್ಡೆ ಚಿಗುರೊಡೆಯುತ್ತದೆ. ನಡುವಿನ ಒಣಹವೆಯನ್ನು ಕಿರಿದಾದ ಎಲೆಗಳಿಂದ ಹೇಗೋ ಕಳೆದು, ಹಿಂಗಾರಿನ ಮಳೆಯಲ್ಲಿ ತುಂಬ ಹೂ ಹೊತ್ತು, ಮಾಗಿಯ ಚಳಿ ಬರುವ ಹೊತ್ತಿಗೆ ಬೀಜವನ್ನು ಉದುರಿಸಿ ಮತ್ತೆ ನೆಲದ ಮಟ್ಟಕ್ಕೆ ಇಳಿಯುತ್ತದೆ.

ಈ ತಪ್ಪಲಿನ ಸಸ್ಯಸಮೂಹವನ್ನು ಕಾಡೆನ್ನಬೇಕೋ ಬಯಲೆನ್ನಬೇಕೋ ಎಂಬುದು ವಿವಾದಾಸ್ಪದ. ದಿಂಡಿಗ, ಕಗ್ಗಲಿ, ತುಗ್ಗಲಿ, ಮುತ್ತುಗಗಳು ಅಲ್ಲೊಂದು ಇಲ್ಲೊಂದು ನಿಂತಿರುತ್ತವೆ. ಅವುಗಳ ನಡುವೆ ಬಂದರಿಕೆ, ತಂಗಡಿ, ಕಾರೆ, ಬೋರೆಗಳ ಪೊದೆಗಳು. ಪೊದೆ ಪೊದೆಗಳ ನಡುವೆ ಆಕಾಶಕ್ಕೆ ತೆರೆದ ಹುಲ್ಲುನೆಲ. ನೆರಳು ಸರಿದಾಡುತ್ತದೆಯೇ ಹೊರತು ಎಲ್ಲಿಯೂ ದಟ್ಟವಾಗಿ ಕವಿಯುವುದಿಲ್ಲ. ಪುರುಷರತ್ನವನ್ನು ಹುಡುಕಬೇಕಾದುದು ಈ ಸಂದಿಯಲ್ಲಿ: ಪೊದೆಯ ಅಂಚಿನಲ್ಲಿ, ಬಂಡೆಯ ಮಗ್ಗುಲಲ್ಲಿ ಸೇರಿದ ಗೇಣು ಮಣ್ಣಿನಲ್ಲಿ, ಹೊಲದ ಬದುವಿನಲ್ಲಿ, ಗೋಮಾಳದಲ್ಲಿ, ಬಿತ್ತದೆ ಬಿಟ್ಟ ಬೀಳಿನಲ್ಲಿ. ಮರಗಳು ಒತ್ತಾಗಿ ತಲೆಗೂಡಿಸಿದ ಕಡೆ ಅದು ಇರುವುದಿಲ್ಲ. ವರ್ಷಕ್ಕೆರಡು ಬಾರಿ ಟ್ರಾಕ್ಟರು ಮಗುಚುವ ನೆಲದಲ್ಲಿಯೂ ಇರುವುದಿಲ್ಲ. ಕುರಿಮೇಕೆಗಳ ಬಾಯಿಯಿಂದ ಇದಕ್ಕೆ ಹಾನಿಯೇ ಆಗುತ್ತದೆಯೆಂದು ಹೇಳುವವರುಂಟು. ನನ್ನ ಅಭಿಪ್ರಾಯದಲ್ಲಿ ಅದು ಅರ್ಧಸತ್ಯ. ಎಡೆಬಿಡದೆ ಮೇದರೆ ಹೂ ಕಾಯಾಗುವ ಮೊದಲೇ ಹೋಗುವುದು ನಿಜ. ಆದರೆ ಮೇಯುವಿಕೆಯೇ ಪೂರ್ತಿ ನಿಂತರೆ ಎತ್ತರದ ಹುಲ್ಲೂ ಲಂಟಾನವೂ ಎದ್ದು ಗೇಣುದ್ದದ ಗಿಡವನ್ನು ಕತ್ತಲೆಗೆ ತಳ್ಳುತ್ತವೆ. ಕುರಿಗಾರರ ಅಲೆಮಾರಿ ಕ್ರಮವೇ, ಅಂದರೆ ಮಂದೆ ಬಂದು ಕೆಲದಿನ ಮೇದು ಮುಂದಿನ ಊರಿಗೆ ಸಾಗುವುದೇ, ಈ ಬಗೆಯ ಸಣ್ಣ ಮೂಲಿಕೆಗಳಿಗೆ ಹಿತವಾದುದೆಂದು ತೋರುತ್ತದೆ.

ಈ ನೆಲೆಯ ಮತ್ತೊಬ್ಬ ಹಕ್ಕುದಾರನೆಂದರೆ ಕಿತ್ತಳೆ ಮಿಶ್ರಿತ ಕಂದುರೆಕ್ಕೆಗಳ ಮೇಲೆ ಕಪ್ಪು ಚುಕ್ಕಿಗಳನ್ನಿಟ್ಟುಕೊಂಡು, ಯಾವ ಅವಸರವೂ ಇಲ್ಲದವನಂತೆ ನೆಲದ ಹತ್ತಿರ ತೇಲಿಕೊಂಡು ಹೋಗುವ ಟಾನಿ ಕಾಸ್ಟರ್ ಎಂಬ ಚಿಟ್ಟೆ. ಪ್ಯಾಶನ್ ಹಣ್ಣಿನ ಕುಟುಂಬದ ಬಳ್ಳಿಗಳ ಜೊತೆಗೆ ಪುರುಷರತ್ನವೂ ಇದರ ಮರಿಹುಳುಗಳ ಆಹಾರ. ಲಿನೀಯಸನ ಶಿಷ್ಯ ಫಾಬ್ರಿಸಿಯಸ್ 1793ರಲ್ಲಿ ಈ ಚಿಟ್ಟೆಗೆ ವಯೋಲದ ಹೆಸರನ್ನೇ ಇಟ್ಟಿದ್ದನು. ಮೈತುಂಬ ಕವಲುಮುಳ್ಳುಗಳಿರುವ ಹುಳುಗಳು ಗುಂಪಾಗಿ ಕೂತು ಎಲೆಗಳನ್ನು ಬೋಳಿಸುತ್ತವೆ. ಬೆಳೆದ ಚಿಟ್ಟೆ ಹಿಡಿದರೆ ಅಸಹ್ಯವಾದ ಹಳದಿ ರಸವನ್ನು ಸ್ರವಿಸುವುದರಿಂದ ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. ಅದರ ನಿರಾತಂಕ ಗಮನಕ್ಕೆ ಅದೇ ಕಾರಣ. ಭಾರತ ಸಿಂಹಳಗಳ ಮೇರೆಯಲ್ಲಿದ್ದ ಈ ಚಿಟ್ಟೆ ಕೆಲವು ದಶಕಗಳಿಂದ ಆಗ್ನೇಯ ಏಷ್ಯದುದ್ದಕ್ಕೂ ಹರಡಿ, 2012ರಲ್ಲಿ ಆಸ್ಟ್ರೇಲಿಯವನ್ನು ಮುಟ್ಟಿತು. ಮಾರುದ್ದದಾಚೆ ಬೀಜ ಕಳಿಸಲಾರದ ಗಿಡದ ಮೇಲೆ ಬೆಳೆದ ಹುಳು ಸಮುದ್ರಗಳನ್ನು ದಾಟಿತೆಂಬುದು ನನಗೆ ಯಾವಾಗಲೂ ಕೌತುಕದ ವಿಷಯ.

ಔಷಧಿಯ ಮಾತಿಗೆ ಬಂದರೆ, ಗಿಡವನ್ನು ಬೇರುಸಹಿತ ಕಿತ್ತು, ನೆರಳಲ್ಲಿ ಒಣಗಿಸಿ, ಪಂಚಾಂಗವನ್ನೂ ಪುಡಿಮಾಡಿ ಹಾಲಿನಲ್ಲಿ ಸೇವಿಸುವುದು ವಾಡಿಕೆ. ವೀರ್ಯವೃದ್ಧಿಗೂ ಬಲಕ್ಕೂ ಇದು ಪ್ರಸಿದ್ಧ. ಮೂತ್ರದ ಉರಿಗೂ ಕೊಡುತ್ತಾರೆ. ತಮಿಳುನಾಡಿನ ಸಿದ್ಧವೈದ್ಯದಲ್ಲಿ ಇದರ ಸ್ಥಾನ ದೊಡ್ಡದು. ಗ್ರಂಧಿಗೆ ಅಂಗಡಿಯ ಡಬ್ಬಿಗಳಲ್ಲಿ ಇದರ ಪುಡಿ ಸಿಗುತ್ತದೆ. ಆ ಪುಡಿ ಯಾವ ಗಿಡದ್ದೆಂದು ಹೇಳುವುದು ಮಾತ್ರ ಕಷ್ಟ. ಕೇರಳದಲ್ಲಿ ಬಹುಮಟ್ಟಿಗೆ ಇದೇ ಧ್ವನಿಯ ಹೆಸರು ನೆರ್ವಿಲಿಯ ಎಂಬ ಒಂದೆಲೆಯ ನೆಲದ ಆರ್ಕಿಡ್ಡಿಗೆ ಸಲ್ಲುವುದರಿಂದ, ಹೆಸರನ್ನು ನಂಬಿ ಸರಕು ತರಿಸಿದವನಿಗೆ ಮೂಲಿಕೆ ಬದಲಾಗಿ ಬಂದರೂ ಆಶ್ಚರ್ಯವಿಲ್ಲ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಪರಂಪರೆಯ ಮಾತಿಗೆ ಅನುಕೂಲವಾದ ಕೆಲವು ಫಲಿತಾಂಶಗಳು ಬಂದಿವೆ. ಇಲಿಯಿಂದ ಮನುಷ್ಯನಿಗೆ ದಾರಿ ದೂರ. ಜಾಹೀರಾತುಗಳು ಮಾತ್ರ ಅದನ್ನು ಒಂದೇ ಹೆಜ್ಜೆಯಲ್ಲಿ ದಾಟಿಬಿಡುತ್ತವೆ.

ಇದಕ್ಕಿಂತ ಗಂಭೀರವಾದ ಸಂಗತಿ ಬೇರೊಂದಿದೆ. 1960ರ ದಶಕದಲ್ಲಿ ನಾರ್ವೆಯ ಲೊರೆಂಟ್ಸ್ ಗ್ರಾನ್ ಎಂಬ ವೈದ್ಯ ಕಾಂಗೋ ದೇಶದಲ್ಲಿ ಸೇವೆಯಲ್ಲಿದ್ದಾಗ, ಅಲ್ಲಿನ ಸ್ತ್ರೀಯರು ಹೆರಿಗೆ ಬೇಗನಾಗಲೆಂದು ಒಂದು ಕಾಡುಮೂಲಿಕೆಯ ಕಷಾಯ ಕುಡಿಯುವುದನ್ನು ಕಂಡನು. ಕುದಿಸಿದರೂ ಕೆಡದ, ಹೊಟ್ಟೆಯೊಳಗಣ ಪಾಚಕರಸಗಳಿಗೂ ಜಗ್ಗದ ಆ ಕಷಾಯದ ಸತ್ತ್ವ ಒಂದು ಸಣ್ಣ ಪ್ರೋಟೀನು. ಅದರ ಸರಪಳಿಯ ಎರಡು ತುದಿಗಳೂ ಕೂಡಿ ಉಂಗುರವಾಗಿ, ಗಂಧಕದ ಮೂರು ಬೆಸುಗೆಗಳಿಂದ ಗಂಟು ಬಿದ್ದಿವೆಯೆಂಬುದು 1995ರಲ್ಲಿ ನಿಶ್ಚಿತವಾಯಿತು. ಸೈಕ್ಲೋಟೈಡ್ ಎಂದು ಹೆಸರು ಪಡೆದ ಈ ಅಣುಗಳು ಆಮೇಲೆ ಅತ್ಯಂತ ಹೇರಳವಾಗಿ ದೊರೆತುದು ವಯೊಲೆಟ್ ಕುಟುಂಬದಲ್ಲಿ. ಗಿಡಕ್ಕೆ ಇವು ಕೀಟಗಳ ವಿರುದ್ಧ ರಕ್ಷಣೆ. 2020ರಲ್ಲಿ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಪುರುಷರತ್ನದಿಂದಲೇ ಹಲವು ಹೊಸ ಸೈಕ್ಲೋಟೈಡುಗಳನ್ನು ಬೇರ್ಪಡಿಸಿ, ಅವುಗಳಲ್ಲಿ ಕೆಲವು ಪ್ರಯೋಗಶಾಲೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲವೆಂದು ತೋರಿಸಿದರು. ಔಷಧಿಯಾಗುವುದಕ್ಕೆ ಇನ್ನೂ ಬಹುಕಾಲ ಹಿಡಿಯಬಹುದು, ಆಗದೆಯೂ ಹೋಗಬಹುದು. ನಮ್ಮ ಗೋಮಾಳದ ಗಿಡವೊಂದು ಜಗತ್ತಿನ ಔಷಧರಸಾಯನದ ಮುಂಚೂಣಿಯಲ್ಲಿ ಚರ್ಚೆಗೆ ಬಂದಿರುವುದಂತೂ ನಿಜ.

ಹಾಗಿದ್ದರೆ ಗೋಮಾಳದ ಗತಿಯೇನು? ಮೈಸೂರಿನ ಕಂದಾಯ ಭಾಷೆಯಲ್ಲಿ ಉಳಲಾಗದ ನೆಲಕ್ಕೆ ಖರಾಬು ಎಂದು ಹೆಸರು. ಸರ್ವೆ ನಂಬರಿನೊಳಗಣ ಬಂಡೆಯೂ ಗರಸೂ 'ಅ' ಖರಾಬು; ದಾರಿ ಹಳ್ಳಗಳಿಗೆ ಬಿಟ್ಟುದು 'ಬ' ಖರಾಬು. ಪುರುಷರತ್ನದ ವಾಸಸ್ಥಾನ ಬಹುಮಟ್ಟಿಗೆ ಈ ಎರಡು ಅಕ್ಷರಗಳ ಕೆಳಗೆ ಬರುತ್ತದೆ. ದೇಶದ ಬಂಜರು ಭೂಮಿಯ ನಕ್ಷೆಸಂಪುಟವನ್ನು 2000ದಲ್ಲಿ ಪ್ರಕಟಿಸಿದಾಗಲೂ ಕುರುಚಲು ನೆಲವನ್ನು ಬಂಜರಿನ ಪಟ್ಟಿಯಲ್ಲಿಯೇ ಸೇರಿಸಲಾಯಿತು. ಬಂಜರೆಂದು ಬರೆದ ಮೇಲೆ ಅದನ್ನು ಉದ್ಧಾರಮಾಡುವುದು ಕರ್ತವ್ಯವಾಗುತ್ತದೆ. ಉದ್ಧಾರದ ಅತ್ಯಂತ ಸುಲಭವಾದ ರೂಪ ಸಸಿ ನೆಡುವುದು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ 1980ರ ದಶಕದಲ್ಲಿ ತುಮಕೂರು ಕೋಲಾರ ಜಿಲ್ಲೆಗಳ ಹೊಲಗಳೂ ಗುಡ್ಡಗಳೂ ನೀಲಗಿರಿಯಿಂದ ತುಂಬಿದುವು. 1983ರಲ್ಲಿ ಇದೇ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿಯ ಸಸಿಗಳನ್ನು ಕಿತ್ತೆಸೆದು ಆ ಜಾಗದಲ್ಲಿ ಹುಣಸೆ ಮಾವಿನ ಬೀಜ ಬಿತ್ತಿದರು. ಅಂತರ್ಜಲದ ಮಾತು, ರಾಗಿಯ ಹೊಲದ ಮಾತು ಆಗ ಬಹಳ ನಡೆಯಿತು. ನೀಲಗಿರಿಯ ತರಗಿನ ಕೆಳಗೆ ಸತ್ತ ಗೇಣುದ್ದದ ಗಿಡಗಳ ಮಾತನ್ನು ಯಾರೂ ಎತ್ತಲಿಲ್ಲ. ನೀಲಗಿರಿಯ ಹೊಸ ನೆಡುತೋಪುಗಳನ್ನು 2017ರಲ್ಲಿ ಸರ್ಕಾರವೇ ನಿಷೇಧಿಸಿತು. ಆದರೆ ಹಸುರೆಂದರೆ ಮರವೆಂಬ ಭಾವನೆ ಹೋಗಿಲ್ಲ. ಬರಿಯ ಗುಡ್ಡ ಕಂಡರೆ ಅಗುಳು ತೋಡಿ ಗುಂಡಿ ತೆಗೆದು ಏನಾದರೊಂದನ್ನು ನೆಡಬೇಕೆನ್ನುವ ಸಜ್ಜನರ ಉತ್ಸಾಹ ಇಂದಿಗೂ ಪುರುಷರತ್ನಕ್ಕೆ ಕೊಡಲಿಗಿಂತ ಅಪಾಯಕಾರಿ. ಗುಂಡಿ ತೆಗೆದಾಗ ಹೋಗುವುದು ಬೇರುಗಡ್ಡೆ. ಮರ ಕವಿದಾಗ ಹೋಗುವುದು ಬಿಸಿಲು.

ಪಾವಗಡದ ಕಡೆ ಬದಲಾವಣೆ ಇನ್ನೊಂದು ರೂಪದಲ್ಲಿ ಬಂತು. ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದು 2,050 ಮೆಗಾವ್ಯಾಟಿನ ಸೌರಸ್ಥಾವರವನ್ನು ನಿರ್ಮಿಸಿದರು. 2018ರ ಮಾರ್ಚಿನಲ್ಲಿ ಅದು ಉದ್ಘಾಟನೆಯಾಯಿತು. ಬರದಿಂದ ಬೆಂದ ಸೀಮೆಗೆ ವರ್ಷ ವರ್ಷವೂ ತಪ್ಪದ ಗುತ್ತಿಗೆಯ ಹಣ ಬಂತೆಂಬುದನ್ನು ಮರೆತು ಟೀಕಿಸುವುದು ಅನ್ಯಾಯ. ಆದರೆ ಅಲ್ಲಿನ ಬದು ಬೀಳುಗಳೂ ಮಂದೆಯ ಹಾದಿಗಳೂ ಬೇಲಿಯೊಳಗಾದುವೆಂಬುದೂ ಲೆಕ್ಕಕ್ಕೆ ಬರಬೇಕು.

ಇದಕ್ಕೆ ಎದುರಾಗಿ ಕೆಲವು ಸಮಾಧಾನಗಳಿವೆ. ಅವು ಹೂವಿಗಾಗಿ ಮಾಡಿದವಲ್ಲ, ಮೃಗಗಳಿಗಾಗಿ ಮಾಡಿದವು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗೆಂದು 2007ರಲ್ಲಿ ಮೀಸಲಾದ ಸುಮಾರು 798 ಎಕರೆ ಹುಲ್ಲುಬಯಲು, ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ ಚಿಂಕಾರಗಳಿಗೆಂದು 2019ರಲ್ಲಿ ಘೋಷಿತವಾದ ವನ್ಯಧಾಮ, ಮಧುಗಿರಿಯ ತಿಮ್ಲಾಪುರದ ಕರಡಿಧಾಮ ಇವೆಲ್ಲವೂ ಕುರುಚಲು ಹುಲ್ಲುಗಳ ನೆಲಗಳೇ. ಕೃಷ್ಣಮೃಗವಾಗಲಿ ಚಿಂಕಾರವಾಗಲಿ ಕವಿದ ಕಾಡನ್ನು ಬಯಸದು. ಅವುಗಳ ಹಿತಕ್ಕಾಗಿ ಬಯಲನ್ನು ಬಯಲಾಗಿಯೇ ಉಳಿಸಬೇಕೆಂಬ ತಿಳಿವಳಿಕೆ ಅರಣ್ಯಾಧಿಕಾರಿಗಳಲ್ಲಿ ಬಂದಷ್ಟೂ ಗಿಡಮೂಲಿಕೆಗಳಿಗೆ ಲಾಭ. ಮೂಲಿಕೆಗಳಿಗೆಂದೇ ನೆಲ ಕಾದಿರಿಸುವ ಪ್ರಯತ್ನವೂ ರಾಜ್ಯದಲ್ಲಿ ಹೊಸದಲ್ಲ. ಮಾಗಡಿಯ ಸಾವನದುರ್ಗದಂಥ ಕಡೆಗಳಲ್ಲಿ ಔಷಧಿಸಸ್ಯಗಳ ಸಂರಕ್ಷಣಾ ಪ್ರದೇಶಗಳನ್ನು 1990ರ ದಶಕದಿಂದಲೇ ಗುರುತಿಸಿದ್ದಾರೆ. ಸಿದ್ಧರಬೆಟ್ಟಕ್ಕೆ ಮೂಲಿಕೆಗಳ ಬೆಟ್ಟವೆಂಬ ಕೀರ್ತಿ ತಲೆಮಾರುಗಳಿಂದ ಇದೆ. ಆ ಕೀರ್ತಿಯೇ ಕೀಳುವವರನ್ನು ಅಲ್ಲಿಗೆ ಕರೆತರುತ್ತದೆಂಬುದು ಅದರ ದುರ್ದೈವ.

ಕೃಷಿ ಮಾಡಬಾರದೇಕೆಂದು ಕೇಳಬಹುದು. ಬೀಜ ಸುಲಭವಾಗಿ ಮೊಳೆಯುವುದಿಲ್ಲವೆಂಬುದು ಮೊದಲ ತೊಡಕು. ಅದಕ್ಕಾಗಿಯೇ ಗಾಜಿನ ನಳಿಗೆಗಳಲ್ಲಿ ಅಂಗಾಂಶದಿಂದ ಸಸಿ ಎಬ್ಬಿಸುವ ಯತ್ನಗಳು 1990ರ ದಶಕದಿಂದ ನಡೆದಿವೆ. ಗುಡ್ಡದಲ್ಲಿ ಪುಕ್ಕಟೆ ದೊರೆಯುವ ತನಕ ಹೊಲದಲ್ಲಿ ಬೆಳೆಯಲು ಯಾರೂ ಮುಂದೆ ಬಾರರೆಂಬುದು ಎರಡನೆಯ ತೊಡಕು, ಅದೇ ದೊಡ್ಡದು. ಅಲ್ಲಿಯವರೆಗೆ ಆಗಬಹುದಾದುದು ಕೀಳುವ ಕಾಲದ ತಿದ್ದುಪಡಿ. ಈಗ ಗಿಡವನ್ನು ಗುರುತಿಸುವುದು ಹೂವಿನಿಂದ, ಹೂವಿದ್ದಾಗಲೇ ಕೀಳುತ್ತಾರೆ, ಬೀಜವೂ ಬೇರೂ ಒಟ್ಟಿಗೆ ಹೋಗುತ್ತವೆ. ಸ್ವಾತಿ ಮಳೆ ಕಳೆದು ಕಾಯಿಗಳು ಬಿರಿದ ತರುವಾಯ, ಬೇರುಗಡ್ಡೆಯನ್ನು ನೆಲದಲ್ಲಿಯೇ ಬಿಟ್ಟು, ಕುಡುಗೋಲಿನಿಂದ ಕವಲುಗಳನ್ನಷ್ಟೇ ಕೊಯ್ದರೆ ಮುಂದಿನ ಭರಣಿಗೆ ಅದೇ ಜಾಗದಲ್ಲಿ ಚಿಗುರು ಬಂದೀತು. ಪಂಚಾಂಗದಲ್ಲಿ ಬೇರಿಲ್ಲದಿದ್ದರೆ ಗುಣ ಕಡಮೆಯೆಂದು ಪಂಡಿತರು ಆಕ್ಷೇಪಿಸಬಹುದು, ಹಸುರು ಆರಿದ ಸರಕನ್ನು ವ್ಯಾಪಾರಿ ಒಪ್ಪದಿರಬಹುದು. ಎಲೆಗೂ ಬೇರಿಗೂ ಸತ್ತ್ವದಲ್ಲಿರುವ ವ್ಯತ್ಯಾಸವನ್ನು ತೂಗಿ ನೋಡಿ ಅವರಿಗೆ ಉತ್ತರ ಹೇಳುವ ಕೆಲಸ ನಮ್ಮ ವಿಶ್ವವಿದ್ಯಾನಿಲಯಗಳ ರಸಾಯನಶಾಲೆಗಳಿಗೆ ಸೇರಿದ್ದು.